ಅಂಗಾಲಿಗೆ ಕಟ್ಟಿದ ಬೆಳ್ಳುಳ್ಳಿ

ಮೂರು ವರ್ಷದ ಹಿಂದೆ ಒಂದು ಶನಿವಾರ ಬೆಳಿಗ್ಗೆ ನಮ್ಮ ಮನೆಯ ನೆಲದ ಮೇಲೆ ಹೆಜ್ಜೆ ಗುರುತುಗಳು ಕಂಡವು. ಆಗಷ್ಟೇ ನೆಲ ಒರೆಸಿ, ಬಕೆಟ್ಟಿನ ನೀರನ್ನು ಹಿಂದಿನ ಮೋರಿಗೆ ಚೆಲ್ಲಿ ಬಂದಿದ್ದೆ. ಗುರುತುಗಳು ಬಚ್ಚಲ ಬಾಗಿಲಿಂದ ಹೊರಟು, ಹಾಲ್ ದಾಟಿ, ದೇವರ ಗೂಡಿನ ಮುಂದೆ ನಿಂತು, ಅಲ್ಲಿಂದ ರೂಮಿನ ಕಡೆ ತಿರುಗಿದ್ದವು. ಎಲ್ಲವೂ ಬಲಗಾಲಿನವು. ಎಡಗಾಲಿನದು ಒಂದೂ ಇರಲಿಲ್ಲ. ಒಂಟಿ ಕಾಲಿನ ಯಾರೋ ನಾನು ಹಿಂದುಗಡೆ ಹೋದ ಎರಡು ನಿಮಿಷದಲ್ಲಿ ಮನೆಯೊಳಗೆ ಬಂದು, ಕೈಮುಗಿದು, ಒಳಗೆ ಹೋದ ಹಾಗಿತ್ತು.

ಬಗ್ಗಿ ಬೆರಳಿಟ್ಟು ನೋಡಿದೆ. ರಕ್ತ.

ರೂಮಿನಲ್ಲಿ ನನ್ನ ಗಂಡ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದರು. ನನ್ನ ಮುಖ ನೋಡಿ, ನಾನು ತೋರಿಸಿದ ನೆಲ ನೋಡಿ, ನಿಜವಾದ ಆತಂಕದಿಂದ ಕೇಳಿದರು.

"ಯಾರ ಕಾಲಿಗೆ ಏನಾಯ್ತು?"

ಅವರು ನಿಂತಿದ್ದ ಜಾಗದಲ್ಲಿ ಬಲಗಾಲಿನ ಕೆಳಗೆ ಚಿಕ್ಕ ಮಡುವಾಗಿತ್ತು. ಮಂಚದ ಮೇಲೆ ಕೂರಿಸಿ ಪಾದ ಎತ್ತಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಉಕ್ಕಿನ ಒಂದು ಸುರುಳಿ ಒಳಗೆ ಹೊಕ್ಕಿತ್ತು, ತುದಿ ಮಾತ್ರ ಹೊರಗೆ ನೀಲಿಯಾಗಿ ಹೊಳೆಯುತ್ತಿತ್ತು. ಹುಬ್ಬಿನ ಚಿಮಟದಿಂದ ಹಿಡಿದು ಎಳೆದೆ. ಅರ್ಧ ಬೆರಳುದ್ದ ಬಂತು. ಅವರು ಕತ್ತು ಬಗ್ಗಿಸಿ, ಬೇರೆ ಯಾರದೋ ಪಾದವನ್ನು ನೋಡುವ ಕುತೂಹಲದಲ್ಲಿ ನೋಡುತ್ತಿದ್ದರು.

"ನೋವಾಗ್ತಿಲ್ವಾ?"

"ಇಲ್ಲ ಕಣೇ. ಯಾವಾಗ ಚುಚ್ಕೊಳ್ತೋ ಗೊತ್ತೇ ಆಗ್ಲಿಲ್ಲ. ನಿನ್ನೆ ಮೆಷಿನ್ ಹತ್ರ ಇರ್ಬೇಕು."

ಅವರು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಉಕ್ಕನ್ನು ಸುರುಳಿಯಾಗಿ ಹೆರೆಯುವ ಲೇತ್ ಮೆಷಿನ್ ಓಡಿಸುತ್ತಿದ್ದರು. ಮೂವತ್ತು ವರ್ಷದಿಂದ ಅದೇ ಕೆಲಸ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ನಾನು ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರ್. ಸಕ್ಕರೆ ಕಾಯಿಲೆಯವರ ಪಾದಕ್ಕೆ ನಿಧಾನವಾಗಿ ಸ್ಪರ್ಶ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ಜೊತೆಗೆ ಸಂಸಾರ ಮಾಡಿದ ಮೇಲೂ ನಾನು ಆ ಪಾದವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ.

ಕ್ಲಿನಿಕ್ಕಿನ ಡಾಕ್ಟರು ಇಂಜೆಕ್ಷನ್ ಕೊಟ್ಟರು, ಒಂದು ವಾರಕ್ಕೆ ಆ್ಯಂಟಿಬಯೋಟಿಕ್ ಬರೆದರು. ಹೊರಡುವಾಗ, "ಕಾಲಿಗೆ ರಕ್ತ ಸರಿಯಾಗಿ ಹೋಗ್ತಿದ್ಯಾ ಅಂತ ದೊಡ್ಡಾಸ್ಪತ್ರೇಲಿ ಒಂದ್ಸಲ ಚೆಕ್ ಮಾಡಿಸ್ಬಿಡಿ" ಎಂದರು. ಇವರು ಆಯಿತೆಂದು ತಲೆಯಾಡಿಸಿದರು. ಮಾತ್ರೆ ಮೂರನೇ ದಿನಕ್ಕೇ ನಿಂತಿತು. ಹೊಟ್ಟೆ ಕೆಡುತ್ತದಂತೆ. ಆಸ್ಪತ್ರೆಗೆ ಮುಂದಿನ ವಾರ, ಆರ್ಡರ್ ಮುಗಿದ ಮೇಲೆ. ಅದರ ಬದಲು ಮೊಬೈಲಿಗೆ ಯಾರೋ ಕಳಿಸಿದ್ದ ವಿಡಿಯೋ ಒಂದನ್ನು ನನಗೆ ತೋರಿಸಿದರು. ಹಸಿ ಬೆಳ್ಳುಳ್ಳಿ ಜಜ್ಜಿ ಗಾಯಕ್ಕೆ ಹಚ್ಚಿದರೆ ಯಾವ ಸೋಂಕೂ ನಿಲ್ಲುವುದಿಲ್ಲ ಎಂದು ಅದರಲ್ಲಿ ಒಬ್ಬರು ಆಣೆ ಹಾಕುವ ಹಾಗೆ ಹೇಳುತ್ತಿದ್ದರು.

"ಬೆಳ್ಳುಳ್ಳಿ ರಸ ಲ್ಯಾಬಿನ ಗಾಜಿನ ತಟ್ಟೇಲಿ ಕ್ರಿಮಿ ಸಾಯ್ಸುತ್ತೆ. ಕಾಲು ಗಾಜಿನ ತಟ್ಟೆ ಅಲ್ಲ" ಎಂದೆ.

"ಸಾಯ್ಸುತ್ತೆ ತಾನೇ? ನೀನೇ ಹೇಳ್ದೆ" ಎಂದರು.

ಹಸಿ ಬೆಳ್ಳುಳ್ಳಿಯನ್ನು ಬಾಯಿಗೆ ಹಾಕಿಕೊಳ್ಳಲು ಅವರಿಗೆ ಚಿಕ್ಕಂದಿನಿಂದಲೂ ಆಗುತ್ತಿರಲಿಲ್ಲ, ವಾಂತಿ ಬರುತ್ತಿತ್ತು. ಹಾಗಾಗಿ ಹಚ್ಚುವುದು ಮಾತ್ರ. ದಿನಾ ಬೆಳಿಗ್ಗೆ ನಾಲ್ಕು ಎಸಳು ಜಜ್ಜಿ, ಗಾಯದ ಬಾಯಿಗೆ ತುಂಬಿ, ಬಟ್ಟೆ ಸುತ್ತಿ, ಮೇಲೆ ಕಾಲುಚೀಲ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಆಗ ಹತ್ತನೇ ತರಗತಿಯ ಪೇಪರ್ ತಿದ್ದುವ ಕಾಲ. ನಾನು ಬೆಳಿಗ್ಗೆ ಹೋದರೆ ಸಂಜೆ ಸೋತು ಬರುತ್ತಿದ್ದೆ. ಜಗಳ ಮಾಡಿದೆ, ಬಿಟ್ಟೆ, ಮತ್ತೆ ಮಾಡಿದೆ. ಗಾಯ ಒಣಗಿದ ಹಾಗೇ ಕಾಣುತ್ತಿತ್ತು. ಕೀವಿಲ್ಲ, ಊತವಿಲ್ಲ. ನೋವಂತೂ ಮೊದಲಿಂದಲೇ ಇರಲಿಲ್ಲ. ಆ ಒಣಗಿದ ತಣ್ಣನೆಯ ಸ್ಥಿತಿಯೇ ಕೆಟ್ಟದ್ದೆಂದು ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಎರಡು ವಾರದ ಮೇಲೆ, ಒಂದು ಭಾನುವಾರ ಊಟದ ನಂತರ. ಮಂಚದ ಮೇಲೆ ಇಬ್ಬರೂ ಅಡ್ಡಾಗಿದ್ದೆವು. ಹೊರಗೆ ಬಿರುಬಿಸಿಲು. ನನ್ನ ಕಣಕಾಲಿಗೆ ಏನೋ ತಣ್ಣಗಿನದು ತಗುಲಿತು. ಸ್ಟೀಲ್ ಚೊಂಬು ಹಾಸಿಗೆ ಮೇಲೆ ಉರುಳಿದೆ ಎಂದುಕೊಂಡು ಕೈಯಿಂದ ಸರಿಸಹೋದೆ. ಕೈಗೆ ಸಿಕ್ಕಿದ್ದು ಅವರ ಬಲಪಾದ. ಅವರು ನಿದ್ದೆಯಲ್ಲಿದ್ದರು, ಮೈ ಬೆಚ್ಚಗಿತ್ತು, ಮೊಣಕಾಲು ಬೆಚ್ಚಗಿತ್ತು. ಕೈಯನ್ನು ಕೆಳಗೆ ಇಳಿಸುತ್ತ ಹೋದರೆ ಮೀನಖಂಡದ ಕೆಳಗೆ ಒಂದು ಜಾಗದಲ್ಲಿ ಬಿಸಿ ಮುಗಿದುಹೋಗುತ್ತಿತ್ತು. ಅಲ್ಲೊಂದು ಗೆರೆ ಎಳೆದ ಹಾಗೆ. ಬಟ್ಟೆ ಬಿಚ್ಚಿದೆ. ಎರಡನೇ ಬೆರಳಿನ ತುದಿ ಒಣದ್ರಾಕ್ಷಿಯ ಬಣ್ಣಕ್ಕೆ ತಿರುಗಿತ್ತು.

ನಾನು ಅವರನ್ನು ಎಬ್ಬಿಸಿ ಆಸ್ಪತ್ರೆ ಎಂದು ಗಲಾಟೆ ಮಾಡುತ್ತಿದ್ದಾಗಲೇ ಬಾಗಿಲು ತಟ್ಟಿದ ಸದ್ದಾಯಿತು.

ಮನೆ ಓನರ್ ಅಜ್ಜಿ ನಿಂತಿದ್ದರು. ನಾಗರಬಾವಿಯ ಈ ಮನೆಗೆ ಬಾಡಿಗೆಗೆ ಬಂದು ಆರು ವರ್ಷವಾಗಿತ್ತು. ನಾವು ಮೊದಲನೇ ಮಹಡಿ, ಅಜ್ಜಿಯ ಮಗ ಸೊಸೆ ಎರಡನೇ ಮಹಡಿ, ನೆಲಮಹಡಿಯಲ್ಲಿ ಅಜ್ಜಿ ಒಬ್ಬರೇ. ಮೊಣಕಾಲು ನೋವಿನ ನೆಪ ಹೇಳಿ ಅವರು ಸ್ವಂತ ಮಗನ ಮನೆಗೂ ಮೆಟ್ಟಿಲು ಹತ್ತುತ್ತಿರಲಿಲ್ಲ. ಎಪ್ಪತ್ತೈದು ದಾಟಿದ ಗಟ್ಟಿ ಮುದುಕಿ. ಶ್ರೀಗಂಧದ ಕಾವಲಿನ ಹಳೇ ಒಕ್ಕಲು ಮನೆತನ, ಹೊಲವೆಲ್ಲ ಲೇಔಟ್ ಆದ ಮೇಲೆ ಇಲ್ಲಿ ಸೈಟು ಕೊಂಡು ಕಟ್ಟಿಸಿಕೊಂಡವರು. ಸುತ್ತಮುತ್ತಲಿನ ಹಳಬರು ಕಾಲು ಊದಿದರೆ, ಹುಣ್ಣಾದರೆ ಅವರ ಹತ್ತಿರ ಬೆಳ್ಳುಳ್ಳಿ ಕಟ್ಟಿಸಿಕೊಳ್ಳಲು ಬರುವುದನ್ನು ನಾನು ಕಂಡಿದ್ದೆ. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಅವರನ್ನು ಕೂರಿಸಿ, ಅಜ್ಜಿ ಎದುರಿಗೆ ಕೂತು ಏನೋ ಕೇಳುತ್ತಿದ್ದರು. ಮೂಢನಂಬಿಕೆ ಎಂದು ನಾನು ಆ ಕಡೆ ತಲೆಹಾಕಿರಲಿಲ್ಲ.

"ಟೀಚರಮ್ಮ, ಹದಿನೈದು ದಿವಸದಿಂದ ಮೆಟ್ಲಲ್ಲಿ ಬೆಳ್ಳುಳ್ಳಿ ಘಾಟು. ಯಾರ್ ಕಾಲಿಗವ್ವ?" ಎಂದರು.

ಕಾಲಿಗೆ ಎಂದು ಅವರಿಗೆ ಹೇಗೆ ಗೊತ್ತಾಯಿತೋ. ನಾನು ಉತ್ತರ ಕೊಡುವ ಮೊದಲೇ ಒಳಗೆ ಬಂದು ಮಂಚದ ಅಂಚಿಗೆ ಕೂತರು. ನನ್ನ ಗಂಡನಿಗೆ ಆಸ್ಪತ್ರೆಯಿಂದ ತಪ್ಪಿಸಿಕೊಳ್ಳಲು ದಾರಿ ಸಿಕ್ಕಂತಾಗಿ ಮುಖ ಅರಳಿತು. ವಿಷಯವನ್ನೆಲ್ಲ ಹೇಳಿದರು. ಅಜ್ಜಿ ಪಾದವನ್ನು ಮುಟ್ಟದೆ ಬರೀ ನೋಡಿದರು.

"ಹದಿನೈದು ದಿವಸ ಹಚ್ಚಿದೀಯ. ಒಂದ್ ದಿವಸನಾದ್ರೂ ಬಾಯಿಗೆ ಬಂತಾ?"

"ಏನು ಬಾಯಿಗೆ?"

"ಬೆಳ್ಳುಳ್ಳಿ."

ಇವರು ಅರ್ಥವಾಗದೆ ನನ್ನ ಮುಖ ನೋಡಿದರು. ಅಜ್ಜಿ ನನ್ನ ಕಡೆ ತಿರುಗಿ ಎರಡು ಗೆಡ್ಡೆ ಬೆಳ್ಳುಳ್ಳಿ ಜಜ್ಜಿಕೊಂಡು ಬರಲು ಹೇಳಿದರು. ನಾನು ನಿಂತೇ ಇದ್ದೆ. "ಆಮ್ಯಾಕೆ ನೀನು ಎಲ್ಲಿಗಾದ್ರೂ ಕರ್ಕೊಂಡು ಹೋಗು, ನಾನೇನು ಬ್ಯಾಡ ಅನ್ನಲ್ಲ. ಒಂದ್ಸಲ ಕೇಳ್ಬಿಡಾನ" ಎಂದರು. ಆ ಧ್ವನಿಯಲ್ಲಿ ಆಸ್ಪತ್ರೆಯ ಮೇಲಿನ ದ್ವೇಷವಾಗಲೀ ತನ್ನ ಮದ್ದಿನ ಮೇಲಿನ ಹೆಮ್ಮೆಯಾಗಲೀ ಇರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ ಜಜ್ಜಿ, ಕೈಯಲ್ಲೇ ಬಳಿದು ತಂದೆ.

ಮೊದಲು ಒಳ್ಳೇ ಕಾಲು ಎಂದರು. ಎಡ ಅಂಗಾಲಿನ ನಡುವಿಗೆ ಜಜ್ಜಿದ ಬೆಳ್ಳುಳ್ಳಿ ಇಟ್ಟು, ತಮ್ಮ ಸೆರಗಿನಿಂದಲೇ ಹರಿದ ಪಟ್ಟಿಯಲ್ಲಿ ಬಿಗಿಯಾಗಿ ಕಟ್ಟಿದರು. ಇವರ ಕೈಲಿ ಮೂರು ಸಲ ಬಾಯಿ ಮುಕ್ಕಳಿಸಿಸಿದರು. ಆಮೇಲೆ ಯಾರೂ ಮಾತಾಡಬಾರದು ಎಂದು ಹೇಳಿ ಎದುರಿಗೆ ಕೂತರು. ಎದುರು ಮನೆಯ ಬಾಡಿಗೆ ರೂಮುಗಳಲ್ಲಿ ಲಾ ಕಾಲೇಜಿನ ಹುಡುಗಿಯರು ಬಟ್ಟೆ ಒಗೆಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಗೋಡೆ ಗಡಿಯಾರ ನೋಡುತ್ತಿದ್ದೆ. ಹನ್ನೊಂದು ನಿಮಿಷ ಕಳೆದಿರಬೇಕು, ನನ್ನ ಗಂಡ ನಾಲಗೆಯನ್ನು ಅಂಗುಳಕ್ಕೆ ಒತ್ತಿ ನೋಡಿದರು.

"ಅರೇ" ಎಂದರು. "ಬಾಯಲ್ಲೆಲ್ಲ ಬೆಳ್ಳುಳ್ಳಿ."

ನಾನು ನಂಬದೆ ಹತ್ತಿರ ಹೋಗಿ ಅವರ ಉಸಿರು ಮೂಸಿದೆ. ಹಸಿ ಬೆಳ್ಳುಳ್ಳಿಯ ಘಾಟು ಕಣ್ಣಿಗೆ ಹೊಡೆಯಿತು. ಜೀವಮಾನದಲ್ಲಿ ಹಸಿ ಎಸಳನ್ನು ಬಾಯಿಗೆ ಹಾಕಿಕೊಳ್ಳದ ಮನುಷ್ಯ. ಚರ್ಮದ ಮೂಲಕ ಕೆಲವು ವಸ್ತುಗಳು ರಕ್ತಕ್ಕೆ ಸೇರಿ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ, ಉಸಿರಿನಲ್ಲಿ ಹೊರಗೆ ಬರುತ್ತವೆ ಎಂಬುದನ್ನು ನಾನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಎಷ್ಟೋ ವರ್ಷ ಪಾಠ ಮಾಡಿದ್ದೆ. ಆದರೂ ಅವತ್ತು ನನ್ನ ತೋಳಿನ ರೋಮ ನಿಂತವು.

"ಹಸುವಿನ ಗೊರಸಿಗೆ ಕಟ್ಟಿದ್ರೆ ಸಾಯಂಕಾಲದ ಹಾಲಲ್ಲಿ ಘಾಟು ಬರೋದು. ನಮ್ಮತ್ತೆ ಅದ್ನ ನೋಡೇ ಕಲ್ತಿದ್ದು" ಎಂದರು ಅಜ್ಜಿ. "ಈಗ ಆ ಕಾಲು."

ಬಾಯಿಯ ವಾಸನೆ ಪೂರ್ತಿ ಇಳಿಯುವ ತನಕ ಕಾಯಬೇಕೆಂದು ಅವರೇ ಹೇಳಿದರು. ಮೊಸರು ಕುಡಿಸಿ, ಸೇಬು ತಿನ್ನಿಸಿ, ಇನ್ನೊಂದು ಗಂಟೆ ಬಿಟ್ಟು, ಬಲಗಾಲಿನ ಅಂಗಾಲಿಗೆ ಹೊಸದಾಗಿ ಜಜ್ಜಿದ ಬೆಳ್ಳುಳ್ಳಿ ಕಟ್ಟಿದರು. ಅದನ್ನೂ ಜಜ್ಜಿ ತಂದದ್ದು ನಾನೇ. ಆ ಗಡಿಬಿಡಿಯಲ್ಲಿ ಎಡಗಾಲಿನ ಪಟ್ಟಿ ಬಿಚ್ಚಿ ತೊಳೆದೆವೇ ಹೊರತು ಅಂಗಾಲು ಹೇಗಿದೆ ಎಂದು ಯಾರೂ ತಿರುಗಿಸಿ ನೋಡಲಿಲ್ಲ.

ಹತ್ತು ನಿಮಿಷ. ಇಪ್ಪತ್ತು. ಅರ್ಧ ಗಂಟೆ.

"ಬಾಯಿಗೆ ಬಂತಾ?"

"ಇನ್ನೂ ಇಲ್ಲ."

ಬಿಸಿಲು ಕಿಟಕಿಯಿಂದ ಇಳಿದು ಗೋಡೆಗೆ ಹೋಯಿತು. ಅಜ್ಜಿ ಕಣ್ಣು ಮಿಟುಕಿಸದೆ ಇವರ ಬಾಯನ್ನೇ ನೋಡುತ್ತಿದ್ದರು. ಐದು ನಿಮಿಷಕ್ಕೊಂದು ಸಲ ಅದೇ ಪ್ರಶ್ನೆ, ಅದೇ ಸ್ವರ. ಕೇಳುತ್ತ ಕೇಳುತ್ತ ನನಗೆ ಅವರು ನನ್ನ ಗಂಡನನ್ನಲ್ಲ, ಮಂಚದ ಕಾಲ್ದೆಸೆಯಲ್ಲಿರುವ ಇನ್ಯಾರನ್ನೋ ಕೇಳುತ್ತಿದ್ದಾರೆ ಎನಿಸತೊಡಗಿತು. ಮುಕ್ಕಾಲು ಗಂಟೆ ಕಳೆದಾಗ ನನ್ನ ಗಂಡ ತಟ್ಟನೆ, "ಬಂತು ಬಂತು. ಈಗ ಬಂತು" ಎಂದರು.

ಅಜ್ಜಿ ಎದ್ದು ಅವರ ಗಲ್ಲ ಹಿಡಿದರು. "ಆ ಅನ್ನು."

ಮೂಸಿ, ಕೈ ಬಿಟ್ಟರು. "ಯಾಕಪ್ಪ ಸುಳ್ಳು ಹೇಳ್ತೀಯ? ನನ್ ಕೈಲಿ ಸುಳ್ಳು ಹೇಳಿ ನಿನಗೇನ್ ಬಂತು?"

ಇವರು ತಲೆ ತಗ್ಗಿಸಿದರು. ಆ ಕ್ಷಣದಲ್ಲಿಯೇ ನನಗೆ ಅದು ಬಂದದ್ದು. ನಾಲಗೆಯ ಹಿಂಭಾಗದಲ್ಲಿ, ಗಂಟಲಿನ ಮೇಲೆ, ಯಾರೋ ಒಳಗಿನಿಂದ ಹಚ್ಚಿದ ಹಾಗೆ ಬೆಳ್ಳುಳ್ಳಿಯ ಖಾರ. ಮಧ್ಯಾಹ್ನದ ಊಟಕ್ಕೆ ಮಾಡಿದ್ದು ಮಜ್ಜಿಗೆಹುಳಿ, ಅದರಲ್ಲಿ ಬೆಳ್ಳುಳ್ಳಿ ಇರಲಿಲ್ಲ. ನಾನು ಬಾಯಿ ಬಿಗಿಹಿಡಿದು ನಿಂತೆ. ಬರಿಗೈಯಲ್ಲಿ ಎರಡು ಸಲ ಜಜ್ಜಿ ಬಳಿದಿದ್ದೆನಲ್ಲ, ಕೈಯ ಚರ್ಮದಿಂದ ಬಂದಿದೆ ಅಷ್ಟೆ ಎಂದು ಮನಸ್ಸಿಗೆ ಹೇಳಿಕೊಂಡೆ. ಈಗಲೂ ಅದೇ ಸರಿ ಎಂದು ನಂಬಿದ್ದೇನೆ. ಆದರೆ ಅವರ ಕಾಲಿಗೆ ಕಟ್ಟಿದ್ದು ಅವರ ಬಾಯಿಗೆ ದಾರಿ ಸಿಗದೆ ನನ್ನ ಬಾಯಿಗೆ ಬಂತು ಎಂದೇ ಆಗ ಅನಿಸಿದ್ದು. ಅಜ್ಜಿ ನನ್ನ ಕಡೆ ತಿರುಗಿದರು.

"ನಿಂಗೆ ಬಂತು, ಅಲ್ವಾ?"

ನಾನು ಬೆಳ್ಳುಳ್ಳಿ ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

"ಹೋಗ್ರಪ್ಪ, ಇವತ್ತೇ ಹೋಗಿ. ಆ ಕಾಲಿಗೂ ಇವನಿಗೂ ಮಾತು ನಿಂತೋಗೈತೆ" ಎಂದರು.

ನನ್ನ ಗಂಡ ಮೆಲ್ಲಗೆ ತಕರಾರು ತೆಗೆದರು. "ಅಷ್ಟು ಜನಕ್ಕೆ ಕಟ್ಟಿ ವಾಸಿ ಮಾಡಿದೀರಿ ಅಜ್ಜಿ. ನನಗೂ ನಾಲ್ಕು ದಿನ ಕಟ್ಟಿ ನೋಡಿ."

"ನಾನು ವಾಸಿ ಮಾಡ್ತೀನಿ ಅಂತ ಯಾರಿಗೂ ಹೇಳಿಲ್ಲ. ಬಾಯಿಗೆ ಬಂದೋರು ಅವರಷ್ಟಕ್ಕೆ ಅವರೇ ವಾಸಿಯಾಗ್ತಾರೆ. ಬರದೋರ್ನ ನಾನು ಆಸ್ಪತ್ರೆಗೆ ಓಡಿಸ್ತೀನಿ." ಕಟ್ಟಿದ ಪಟ್ಟಿಯನ್ನು ಬಿಚ್ಚುತ್ತ ಹೇಳಿದರು. "ನಮ್ ಯಜಮಾನ್ರಿಗೆ ಗುದ್ದಲಿ ಏಟು ಬಿದ್ದಿತ್ತು. ಇದೇ ಬಲಗಾಲು. ಮೂರು ದಿವಸ ಕಟ್ದೆ. ಬಂತಾ ಅಂತೀನಿ, ಇಲ್ಲ ಅಂತಾರೆ. ಬತ್ತದೆ ಬತ್ತದೆ ಅಂತ ಇನ್ನೊಂದ್ ಗೆಡ್ಡೆ ಜಜ್ಜೋದು. ನಾಕ್ನೇ ದಿವಸಕ್ಕೆ ಜ್ವರ ತಲೆಗೇರಿ ಹೋಗ್ಬುಟ್ರು. ಬರಲಿಲ್ಲ ಅನ್ನೋದೇ ಒಂದು ಮಾತು ಅಂತ ನಂಗೆ ಆಗ ತಿಳೀಲಿಲ್ಲ ಕಣವ್ವ."

ಇವರು ತಾವೇ ಎದ್ದು ಅಂಗಿ ಹಾಕಿಕೊಂಡರು.

ಸಂಜೆ ಆರಕ್ಕೆ ಮಾಗಡಿ ರಸ್ತೆಯ ಒಂದು ಆಸ್ಪತ್ರೆಯಲ್ಲಿದ್ದೆವು. ಎಮರ್ಜೆನ್ಸಿಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಪೆನ್ನಿನ ಹಾಗಿದ್ದ ಒಂದು ಕಡ್ಡಿ, ಅದಕ್ಕೆ ಅಂಟಿದ ಸಣ್ಣ ಸ್ಪೀಕರು. ಪಾದದ ಮೇಲೆ ಜೆಲ್ ಹಚ್ಚಿ ಕಡ್ಡಿ ಇಟ್ಟರೆ ಒಳಗೆ ಓಡುವ ರಕ್ತದ ಸದ್ದು ಕೇಳುತ್ತದಂತೆ.

"ಮೊದಲು ಒಳ್ಳೇ ಕಾಲು ನೋಡೋಣ" ಎಂದರು ಅವರು.

ನಾನು ಮಂಚದ ಕಂಬಿ ಹಿಡಿದುಕೊಂಡೆ. ಎಡಪಾದದಿಂದ ಸುಯ್, ಸುಯ್ ಎಂದು ಗಾಳಿಗೆ ಸೀರೆ ಬಡಿಯುವಂಥ ಸದ್ದು ಬಂತು. ಆಮೇಲೆ ಬಲಗಾಲು. ಅವರು ಕಡ್ಡಿಯನ್ನು ಒಂದು ಕಡೆ ಇಟ್ಟರು, ಸರಿಸಿದರು, ಕಾದರು, ಮತ್ತೆ ಸರಿಸಿದರು. ಸ್ಪೀಕರಿನಲ್ಲಿ ಸ್ಟೇಷನ್ ಸಿಗದ ರೇಡಿಯೋದ ಗೊರಗೊರ. ಮಧ್ಯಾಹ್ನ ಅಜ್ಜಿ ಕೂತಿದ್ದ ಹಾಗೇ ಡಾಕ್ಟರಮ್ಮ ಬಗ್ಗಿ, ಉಸಿರು ಹಿಡಿದು, ಆ ಪಾದದಿಂದ ಒಂದು ಉತ್ತರಕ್ಕೆ ಕಾಯುತ್ತಿದ್ದರು. ನನ್ನ ಗಂಡ ನನ್ನ ಕಡೆ ನೋಡಿದರು. ಇಬ್ಬರಿಗೂ ಏನು ನೆನಪಾಯಿತೆಂದು ಇಬ್ಬರಿಗೂ ಗೊತ್ತಿತ್ತು.

"ಇಲ್ಲ, ಬರ್ತಾ ಇಲ್ಲ" ಎಂದು ಡಾಕ್ಟರಮ್ಮ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಎಡ ಅಂಗಾಲನ್ನು ತಿರುಗಿಸಿ ನೋಡಿ ಗದರಿದರು. "ಇದೇನ್ರೀ ಇದು, ಒಳ್ಳೇ ಕಾಲನ್ನ ಯಾಕೆ ಸುಟ್ಟಿದೀರಿ?"

ಅಂಗಾಲಿನ ನಡುವೆ ನೀರು ತುಂಬಿದ ಬೊಬ್ಬೆ ಎದ್ದಿತ್ತು. ಬೆಳ್ಳುಳ್ಳಿ ಎಂದೆ. ನಾನು ಟೀಚರ್ ಎಂದು ಮೊದಲೇ ಬರೆಸಿದ್ದರಿಂದ ಅವರು ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ. ಹಸಿ ಬೆಳ್ಳುಳ್ಳಿ ಚರ್ಮವನ್ನು ಆ್ಯಸಿಡ್ಡಿನ ಹಾಗೆ ಸುಡುತ್ತದೆ, ಸ್ಪರ್ಶ ಇಲ್ಲದವರಿಗೆ ಅದು ಗೊತ್ತೂ ಆಗುವುದಿಲ್ಲ, ಎರಡು ವಾರ ತಡಮಾಡಿದ್ದೀರಿ ಎಂದರು. ಕೇಳಿಸಿಕೊಂಡೆ. ಒಂದೊಂದು ಮಾತೂ ಸರಿಯಾಗಿತ್ತು.

ಮೊಣಕಾಲಿನ ಕೆಳಗೆ ರಕ್ತನಾಳ ಮುಚ್ಚಿಹೋಗಿತ್ತು. ಸೋಂಕು ಎಲುಬಿಗೆ ಇಳಿದಿತ್ತು. ಎರಡು ದಿನ ನಾಳದ ಮೂಲಕ ಔಷಧಿ ಹಾಕಿದರು. ಮಂಗಳವಾರ ಬೆಳಿಗ್ಗೆ ತೊಡೆಯ ಹತ್ತಿರದಿಂದ ತಂತಿ ತೂರಿಸಿ ಮುಚ್ಚಿದ ನಾಳ ಬಿಡಿಸುವುದು, ಆಗದಿದ್ದರೆ ಮೊಣಕಾಲಿನ ಕೆಳಗೆ ಕತ್ತರಿಸುವುದು. ಸೋಮವಾರ ರಾತ್ರಿಯಿಂದಲೇ ಬಾಯಿಗೆ ನೀರೂ ಇಲ್ಲ. ಪಾದಗಳನ್ನು ನರ್ಸುಗಳು ದಿನಕ್ಕೆರಡು ಸಲ ಔಷಧಿ ನೀರಲ್ಲಿ ತೊಳೆಯುತ್ತಿದ್ದರು. ಅಲ್ಲಿ ಬೆಳ್ಳುಳ್ಳಿಯ ಒಂದು ಸಿಪ್ಪೆಯೂ ಉಳಿದಿರಲು ಸಾಧ್ಯವಿರಲಿಲ್ಲ.

ಮಂಗಳವಾರ ಹನ್ನೊಂದರ ಹೊತ್ತಿಗೆ ಒಳಗಿನಿಂದ ಒಬ್ಬ ನರ್ಸ್ ಬಂದು ನನ್ನನ್ನು ಪಕ್ಕಕ್ಕೆ ಕರೆದಳು. ಕೇರಳದ ಹುಡುಗಿ, ಕನ್ನಡವನ್ನು ಎಚ್ಚರದಿಂದ ಮಾತಾಡುತ್ತಿದ್ದಳು.

"ಮೇಡಂ, ನಿಜ ಹೇಳಿ. ಅಂಕಲ್‌ಗೆ ಏನು ತಿನ್ಸಿದ್ರಿ?"

"ಏನೂ ಇಲ್ಲ. ನೀರೂ ಕೊಟ್ಟಿಲ್ಲ."

"ಬಾಯಿ ಬೆಳ್ಳುಳ್ಳಿ ವಾಸನೆ ಬರ್ತಾ ಇದೆ. ರೂಮ್ ಪೂರಾ ಬರ್ತಾ ಇದೆ. ಮಾಸ್ಕ್ ಹಾಕಿದ್ರೂ ನಮಗೆ ಬರ್ತಾ ಇದೆ."

ನಾನು ಗೋಡೆಗೆ ಒರಗಿ ನಿಂತೆ. ಎಲ್ಲ ಸರಿಯಾಗಿದೆ, ನಾಳ ಬಿಡಿಸಿಕೊಂಡಿದೆ ಎಂದು ಅವಳು ಆಮೇಲೆ ಹೇಳಿದಳು. ನಾನು ಮೊದಲು ಕೇಳಬೇಕಿದ್ದದ್ದು ಅದನ್ನು. ಕೇಳಿರಲಿಲ್ಲ.

ಹೊರಗೆ ತಂದಾಗ ನನ್ನ ಗಂಡ ಎಚ್ಚರವಾಗಿದ್ದರು. ಪ್ರಜ್ಞೆ ತಪ್ಪಿಸಿರಲಿಲ್ಲ, ತೊಡೆಯನ್ನು ಮಾತ್ರ ಮರಗಟ್ಟಿಸಿದ್ದರು. ಸ್ಟ್ರೆಚರಿನಿಂದಲೇ ನನ್ನ ಕೈ ಹಿಡಿದು ಬಗ್ಗಿಸಿಕೊಂಡು, "ಬಂತು ಕಣೇ" ಎಂದರು. ಉಸಿರಿನಲ್ಲಿ ಅದೇ ಹಸಿ ಘಾಟು. ಸುಳ್ಳು ಹೇಳಿದ್ದ ಅದೇ ಮಾತು, ಈ ಸಲ ನಿಜವಾಗಿತ್ತು.

ಆಮೇಲೆ ವಾರ್ಡಿನಲ್ಲಿ ವಿವರವಾಗಿ ಹೇಳಿದರು. ಮೊದಲು ಪಾದಕ್ಕೆ ಬಿಸಿನೀರು ಸುರಿದ ಹಾಗಾಯಿತಂತೆ. ಆಮೇಲೆ ನೋವು. ಎಷ್ಟು ವರ್ಷದ ಮೇಲೋ ಆ ಕಾಲು ನೋಯಿತು, ಕಿರುಚಿಬಿಟ್ಟೆ ಎಂದರು. ನೋವಿನ ಬೆನ್ನಿಗೇ ಬಾಯಿಗೆ ಬೆಳ್ಳುಳ್ಳಿ. ಒಂದು ಎಸಳಿನದಲ್ಲ, ಹದಿನೈದು ದಿನ ಹಚ್ಚಿದ್ದೆಲ್ಲ ಒಟ್ಟಿಗೆ ಬಂದಂತೆ.

ಸಂಜೆ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದಾಗ ಕೇಳಿದೆ. ಅವರು ನಕ್ಕು, ಎಕ್ಸ್‌ರೇಯಲ್ಲಿ ಕಾಣಲೆಂದು ರಕ್ತನಾಳಕ್ಕೆ ಬಣ್ಣ ಹಾಕಿದಾಗ ಕೆಲವರಿಗೆ ಬಾಯಲ್ಲಿ ವಿಚಿತ್ರ ರುಚಿ ಬರುತ್ತದೆ, ಸಾಮಾನ್ಯವಾಗಿ ಲೋಹದ ರುಚಿ ಎಂದರು.

"ಸಾರ್, ಲೋಹದ ರುಚಿ ನನಗೆ ಗೊತ್ತಿಲ್ವಾ? ಮೂವತ್ತು ವರ್ಷದಿಂದ ಕಬ್ಬಿಣದ ಪುಡಿ ನುಂಗ್ತಾ ಇದೀನಿ. ಇದು ಬೆಳ್ಳುಳ್ಳಿ" ಎಂದರು ನನ್ನ ಗಂಡ.

ಡಾಕ್ಟರು ಬೆನ್ನು ತಟ್ಟಿ ಮುಂದಿನ ಮಂಚಕ್ಕೆ ಹೋದರು. ನರ್ಸ್ ಹೋಗಲಿಲ್ಲ. ಡ್ರಿಪ್ ಸರಿಮಾಡುವ ನೆಪದಲ್ಲಿ ನಿಂತು, ಇವರ ಪಾದವನ್ನು ಒಮ್ಮೆ, ಬಾಯನ್ನು ಒಮ್ಮೆ ನೋಡಿ, ಕುತ್ತಿಗೆಯ ಶಿಲುಬೆ ಮುಟ್ಟಿಕೊಂಡಳು.

ಎರಡು ಬೆರಳು ಹೋದವು. ಕಾಲು ಉಳಿಯಿತು. ಸುಟ್ಟ ಎಡ ಅಂಗಾಲು ಮಾಯಲು ಬೆರಳು ತೆಗೆದ ಗಾಯಕ್ಕಿಂತ ಹೆಚ್ಚು ದಿನ ಬೇಕಾಯಿತು. ಈಗ ಅವರು ಮೆಷಿನ್ ಓಡಿಸುವುದಿಲ್ಲ, ಅದೇ ವರ್ಕ್‌ಶಾಪಿನಲ್ಲಿ ಕೂತು ತಯಾರಾದ ಸಾಮಾನಿನ ಅಳತೆ ನೋಡುತ್ತಾರೆ. ಅಗಲ ಮೂತಿಯ ವಿಶೇಷ ಬೂಟು ಹಾಕುತ್ತಾರೆ. ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸುವುದಿಲ್ಲ. ದಿನಾ ಸಂಜೆ ನಾನು ಅವರ ಎರಡೂ ಅಂಗಾಲಿಗೆ ಕನ್ನಡಿ ಹಿಡಿದು ನೋಡುತ್ತೇನೆ. ಆ ಹೊತ್ತಿನಲ್ಲಿ ಇಬ್ಬರೂ ಮಾತಾಡುವುದಿಲ್ಲ.

ಆಸ್ಪತ್ರೆಯಿಂದ ಬಂದ ದಿನ ಅಜ್ಜಿಗೆ ಎಲ್ಲ ಹೇಳಿದೆವು. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಕಲ್ಲುಬೆಂಚಿನ ಮೇಲೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದರು. ಮಂಗಳವಾರ ಬಾಯಿಗೆ ಬೆಳ್ಳುಳ್ಳಿ ಬಂದದ್ದನ್ನು ಹೇಳಿದಾಗ ಕೈ ನಿಂತಿತು.

"ಹಚ್ಚಿ ಎಷ್ಟ್ ದಿವಸಕ್ಕೆ?"

"ಎರಡು ದಿನ ಆಗಿತ್ತು. ದಾರಿ ಬಿಡಿಸಿದ ತಕ್ಷಣ ಬಂತು" ಎಂದೆ.

ಅವರು ಮೊರದಲ್ಲಿದ್ದ ಕಾಳನ್ನು ಒಂದು ಕಡೆಗೆ ಸರಿಸಿದರು. "ಹಂಗಾದ್ರೆ ನಮ್ ಯಜಮಾನ್ರಿಗೂ ದಾರೀಲೇ ಇತ್ತೇನೋ" ಎಂದರು. "ಹೊರಟಿತ್ತು. ಅಲ್ಲೇ ನಿಂತಿತ್ತು."

ಅಜ್ಜಿ ಮೊರ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅದಾದ ಮೇಲೆ ಅವರು ಯಾರಿಗೂ ಬೆಳ್ಳುಳ್ಳಿ ಕಟ್ಟಲಿಲ್ಲ. ಬಂದವರನ್ನು ಗೇಟಿನಿಂದಲೇ ಆಸ್ಪತ್ರೆಗೆ ಕಳಿಸಿದರು. ಎರಡು ತಿಂಗಳ ನಂತರ ನನ್ನ ಗಂಡನ ಚೆಕಪ್ಪಿಗೆ ಹೊರಟಾಗ, "ನಾನೂ ಬತ್ತೀನಿ. ಆ ಸದ್ದು ಮಾಡೋ ಮಿಷನ್ನಲ್ಲಿ ನನ್ ಕಾಲೂ ಕೇಳ್ಸಿ" ಎಂದರು. ಅವತ್ತು ಇವರನ್ನು ಆಸ್ಪತ್ರೆಯಿಂದ ಸೀದಾ ವರ್ಕ್‌ಶಾಪಿಗೆ ಕಳಿಸಿ, ನಾನು ಅಜ್ಜಿಯನ್ನು ಆಟೋದಲ್ಲಿ ಕರೆತಂದೆ. ಅಜ್ಜಿಯ ಎರಡು ಪಾದದಲ್ಲೂ ಸದ್ದು ಜೋರಾಗಿಯೇ ಬಂದಿತ್ತು.

ಮಾಗಡಿ ರಸ್ತೆಯಿಂದ ತಿರುಗುವ ಹತ್ತಿರ ಬಂದಾಗ ಆಟೋದವನ ಭುಜ ತಟ್ಟಿ, "ಅಪ್ಪಾ, ಕಾವಲಿನ ಮ್ಯಾಲಿಂದ ಹೋಗು" ಎಂದರು. ಅವನು ಶ್ರೀಗಂಧದ ಕಾವಲಿನ ಒಳಗೆ ತಿರುಗಿಸಿದ. ಮಟಮಟ ಮಧ್ಯಾಹ್ನ. ಮೂರು ಮಹಡಿಯ ಮನೆಗಳು, ಬಾಲ್ಕನಿಯಲ್ಲಿ ಒಣಗಿದ ಬಟ್ಟೆ, ನೆರಳಿಗೆ ನಿಲ್ಲಿಸಿದ ಕಾರುಗಳು, ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ. ಅಜ್ಜಿ ಆಟೋದಿಂದ ಅರ್ಧ ಹೊರಗೆ ಬಾಗಿ ಎರಡೂ ಕಡೆ ನೋಡುತ್ತಿದ್ದರು.

"ಯಾರ ಮನೆ ಅಜ್ಜಿ?" ಎಂದೆ.

"ಮನೆಯಲ್ಲ ಕಣವ್ವ. ನಮ್ ಹೊಲ. ಯಜಮಾನ್ರನ್ನ ಹೊಲದ ಬದೀಲೇ ಮಣ್ಣು ಮಾಡಿದ್ದು, ಹೊಂಗೇಮರದ ಬುಡದಲ್ಲಿ. ಲೇಔಟ್ ಮಾಡೋವಾಗ ಮರ ಕಡಿದ್ರು. ಅವರನ್ನ ಎತ್ತಿ ಬೇರೆ ಕಡೆ ಇಡ್ತೀವಿ ಅಂದಿದ್ರು." ಕತ್ತು ಇನ್ನೊಂದು ಕಡೆಗೆ ತಿರುಗಿಸಿ, "ಎತ್ತಿದ್ರೋ ಇಲ್ವೋ" ಎಂದರು.

ಆಟೋ ನಾಲ್ಕು ಕ್ರಾಸ್ ದಾಟಿತು. ಎಲ್ಲ ಒಂದೇ ಥರ ಇದ್ದವು. ಒಂದು ಕಡೆ ಅಜ್ಜಿ ನಿಲ್ಲಿಸು ಎಂದು, ಒಂದು ಮನೆಯ ಮುಂದಿನ ರ್‍ಯಾಂಪನ್ನೂ ಅದರ ಮೇಲೆ ಬೆಳಿಗ್ಗೆ ಬಿಡಿಸಿದ ರಂಗೋಲಿಯನ್ನೂ ನೋಡಿದರು. ಇಲ್ಲ ಎಂದು ತಲೆಯಾಡಿಸಿದರು. ಆಟೋ ಮತ್ತೆ ಹೊರಟಿತು. ಇನ್ನೊಂದು ಕಡೆಯೂ ಹಾಗೆಯೇ ಆಯಿತು. ಚಾಲಕ ಕನ್ನಡಿಯಲ್ಲಿ ನನ್ನ ಮುಖ ನೋಡಿ, ಆಮೇಲೆ ಹಿಂದಕ್ಕೆ ತಿರುಗಿ ತಾಳ್ಮೆಯಿಂದಲೇ ಕೇಳಿದ.

"ಯಾವ ಕ್ರಾಸ್ ಅಜ್ಜಿ? ಡೋರ್ ನಂಬರ್ ಏನಾದ್ರೂ ಇದ್ಯಾ?"

ಅಜ್ಜಿ ಏನನ್ನೋ ತುಳಿಯಬಾರದೆಂಬಂತೆ ಕಾಲುಗಳನ್ನು ಆಟೋದ ನೆಲದಿಂದ ಸ್ವಲ್ಪ ಮೇಲೆತ್ತಿ ಮಡಚಿಕೊಂಡು ಕೂತರು.

"ಮೆತ್ತಗೆ ಹೋಗಪ್ಪ" ಎಂದರು.